ಇಳಿಸಿದ್ದಕ್ಕಲ್ಲ, ಇಳಿಸಿದ ಬಗೆಗೆ

ಆಸ್ಟ್ರೇಲಿಯದ ಜನ 2010ರ ಜೂನ್ 23ರ ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಅವರ ಪ್ರಧಾನಿ ಕೆವಿನ್ ರಡ್. ಮರುದಿನ ಮಧ್ಯಾಹ್ನದ ಹೊತ್ತಿಗೆ ಜೂಲಿಯಾ ಗಿಲ್ಲಾರ್ಡ್. ನಡುವೆ ಚುನಾವಣೆ ನಡೆದಿರಲಿಲ್ಲ. ಪಾರ್ಲಿಮೆಂಟಿನಲ್ಲಿ ಸರಕಾರ ಸೋತಿರಲಿಲ್ಲ. ಆಳುವ ಲೇಬರ್ ಪಕ್ಷದ ಕೆಲವರು ರಾತ್ರೋರಾತ್ರಿ ತಲೆ ಎಣಿಸಿದ್ದರು, ಅಷ್ಟೆ. ಎಣಿಕೆ ತಮ್ಮ ಕಡೆಗಿಲ್ಲವೆಂದು ತಿಳಿದ ರಡ್ ಸ್ಪರ್ಧೆಗೇ ಇಳಿಯಲಿಲ್ಲ. ಪತ್ರಕರ್ತರೆದುರು ಮಾತನಾಡುತ್ತ ಗಂಟಲು ಕಟ್ಟಿ ಕಣ್ಣೀರು ಹಾಕಿದರು. 2007ರ ನವೆಂಬರಿನಲ್ಲಿ, ಹನ್ನೊಂದು ವರ್ಷ ಆಳಿದ್ದ ಜಾನ್ ಹೋವರ್ಡರನ್ನು ಸೋಲಿಸಿ ಪಕ್ಷವನ್ನು ಅಧಿಕಾರಕ್ಕೆ ತಂದಿದ್ದವರು ಇದೇ ಮನುಷ್ಯ. ದೇಶಕ್ಕೆ ಮೊದಲ ಮಹಿಳಾ ಪ್ರಧಾನಿ ಸಿಕ್ಕರೆಂಬ ಸಂತೋಷದ ಜೊತೆಗೇ ಮತದಾರರಲ್ಲಿ ಒಂದು ಪ್ರಶ್ನೆಯೂ ಎದ್ದಿತು: ನಾವು ಕೂರಿಸಿದವರನ್ನು ಇಳಿಸಲು ಇವರು ಯಾರು?

ಕಾನೂನಿನ ಪ್ರಕಾರ ಉತ್ತರ ಸುಲಭ. ಮತದಾರ ಆರಿಸುವುದು ತನ್ನ ಕ್ಷೇತ್ರದ ಪ್ರತಿನಿಧಿಯನ್ನು. ನಾಯಕನನ್ನು ಆರಿಸುವುದು ಆ ಪ್ರತಿನಿಧಿಗಳ ಕೆಲಸ. ಅಲ್ಲಿಯೂ ಹಾಗೆಯೇ, ಇಲ್ಲಿಯೂ ಹಾಗೆಯೇ. ಆದರೆ ಯಾವ ಮತದಾರ ಹಾಗೆಂದುಕೊಂಡು ಬೂತಿಗೆ ಹೋಗುತ್ತಾನೆ? ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದು ಒಂದು ಮುಖ, ಕೂಗಿದ್ದು ಒಂದು ಹೆಸರು. ಮುಖ ತೋರಿಸಿ ವೋಟು ಕೇಳಿದವರು ಆಮೇಲೆ ಪುಸ್ತಕ ತೆಗೆದು ಕಾನೂನು ಓದಿದರೆ ಕೇಳುವವನಿಗೆ ರುಚಿಸುವುದಿಲ್ಲ.

ಹಗರಿಬೊಮ್ಮನಹಳ್ಳಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಬಸ್ ಸ್ಟ್ಯಾಂಡಿನೆದುರಿನ ಹೋಟೆಲುಗಳಲ್ಲಿ ಮಂಡಕ್ಕಿ-ಮೆಣಸಿನಕಾಯಿ ಮುಂದಿಟ್ಟುಕೊಂಡು ಪೇಪರ್ ಹಂಚಿಕೊಂಡು ಓದುವ ಹಿರಿಯರ ಮುಂದೆ ‘ನಾಯಕತ್ವ ಬದಲಾವಣೆ’ ಎಂದರೆ ಸಾಕು, ಮಾತು ತಾನಾಗಿ 1990ಕ್ಕೆ, ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತದೆ.

ನಿಲ್ದಾಣದಲ್ಲಿ ಹೊರಬಿದ್ದ ಮಾತು

1989ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ದೇಶದಲ್ಲಿ ರಾಜೀವ್ ಗಾಂಧಿಯವರ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಕರ್ನಾಟಕದಲ್ಲಿ ಮಾತ್ರ ಅದೇ ಕಾಂಗ್ರೆಸ್ 224 ಸ್ಥಾನಗಳ ವಿಧಾನಸಭೆಯಲ್ಲಿ 178 ಗೆದ್ದಿತು. ಲೋಕಸಭೆಯ 28ರಲ್ಲಿ 27. ಪಕ್ಷದ ರಾಜ್ಯ ಘಟಕದ ಅಧ್ಯಕ್ಷರಾಗಿ ಈ ಗೆಲುವಿನ ಮುಂದೆ ನಿಂತಿದ್ದವರು ವೀರೇಂದ್ರ ಪಾಟೀಲರು. ಅಂದಿನ ಗುಲಬರ್ಗಾ ಜಿಲ್ಲೆಯ ಚಿಂಚೋಳಿ ಕಡೆಯವರು, ಹೈದರಾಬಾದ್ ಕರ್ನಾಟಕದ ಲಿಂಗಾಯತ ಮುಖಂಡ. 1968ರಿಂದ 1971ರವರೆಗೆ ಒಮ್ಮೆ ಮುಖ್ಯಮಂತ್ರಿಯಾಗಿದ್ದರು. ಹದಿನೆಂಟು ವರ್ಷಗಳ ಬಳಿಕ 1989ರ ನವೆಂಬರ್ 30ರಂದು ಮತ್ತೆ ಅದೇ ಕುರ್ಚಿ.

ಒಂದು ವರ್ಷವೂ ತುಂಬಲಿಲ್ಲ. 1990ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ರಾಮನಗರ, ಚನ್ನಪಟ್ಟಣ, ದಾವಣಗೆರೆಗಳಲ್ಲಿ ಕೋಮುಗಲಭೆ ಹೊತ್ತಿಕೊಂಡಿತು. ಅಯೋಧ್ಯೆಯ ಹೆಸರಿನಲ್ಲಿ ದೇಶದಲ್ಲೆಲ್ಲ ರಥ ಉರುಳುತ್ತಿದ್ದ ಕಾಲ ಅದು. ಮುಖ್ಯಮಂತ್ರಿ ಪಾರ್ಶ್ವವಾಯುವಿನ ಹೊಡೆತಕ್ಕೆ ಸಿಕ್ಕಿ ಹಾಸಿಗೆ ಹಿಡಿದಿದ್ದರು. ಗಲಭೆಪೀಡಿತ ಊರುಗಳಿಗೆಂದು ಬಂದ ರಾಜೀವ್ ಗಾಂಧಿ ಪಾಟೀಲರನ್ನೂ ಕಂಡರು. ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆ, ರಾಜ್ಯದಲ್ಲಿ ಶಾಸಕಾಂಗ ಪಕ್ಷಕ್ಕೆ ಹೊಸ ನಾಯಕನ ಆಯ್ಕೆಯಾಗಲಿದೆ ಎಂಬರ್ಥದ ಮಾತು ಹೇಳಿ ವಿಮಾನ ಹತ್ತಿದರು.

ಪಾಟೀಲರು ಸುಲಭಕ್ಕೆ ಮಣಿಯಲಿಲ್ಲ. ಅಕ್ಟೋಬರ್ 10ರಂದು ರಾಜ್ಯದಲ್ಲಿ ರಾಷ್ಟ್ರಪತಿ ಆಡಳಿತ ಬಂತು. 178 ಶಾಸಕರಿರುವ ಪಕ್ಷ ಇದ್ದೂ ಸರಕಾರವಿಲ್ಲದ ಒಂದು ವಾರ! ಅಕ್ಟೋಬರ್ 17ರಂದು ಎಸ್. ಬಂಗಾರಪ್ಪ ಪ್ರಮಾಣ ವಚನ ಸ್ವೀಕರಿಸಿದರು.

ಈ ಸೀಮೆಗೆ ಸುದ್ದಿ ತಲುಪಿದ್ದು ಆಕಾಶವಾಣಿಯ ಪ್ರದೇಶ ಸಮಾಚಾರದಿಂದ, ಮತ್ತೆ ಬೆಳಗಿನ ಬಸ್ಸಿನ ಮೇಲೆ ಬರುವ ಪತ್ರಿಕೆಗಳ ಕಟ್ಟಿನಿಂದ. ಶೇಂಗಾ ಕಿತ್ತು ಉಳ್ಳಾಗಡ್ಡಿ ಹಸನು ಮಾಡುವ ದಿನಗಳು. ಊರೂರಿಗೆ ಟಿ.ವಿ. ಇನ್ನೂ ಬಂದಿರಲಿಲ್ಲ. ಬಂದಿದ್ದ ಕಡೆಯೂ ಒಂದೇ ದೂರದರ್ಶನ. ಹೀಗಾಗಿ ಘಟನೆ ಕಣ್ಣಿಗೆ ಬೀಳಲಿಲ್ಲ, ಕಿವಿಗೆ ಬಿತ್ತು. ಕಿವಿಗೆ ಬಿದ್ದದ್ದು ಬಾಯಿಂದ ಬಾಯಿಗೆ ದಾಟುತ್ತ ಕತೆಯಾಯಿತು. ಆ ಕತೆಯಲ್ಲಿ ಮೂರೇ ಸಂಗತಿ: ಹಾಸಿಗೆ ಹಿಡಿದ ಹಿರಿಯ, ಮಗನ ವಯಸ್ಸಿನ ವರಿಷ್ಠ, ವಿಮಾನದ ಮೆಟ್ಟಿಲು.

ಕಾಯಿಲೆ ಬಿದ್ದವರ ಮನೆಗೆ ಹೋಗಿ ಬಂದವರು ಆಡಬಾರದ ಮಾತು ಎಂದು ಒಂದಿದೆ. ಹಳ್ಳಿಯಲ್ಲಿ ಆಸ್ತಿ ಪಾಲಿನ ಜಗಳ ಕೋರ್ಟಿನವರೆಗೆ ಹೋಗಿದ್ದರೂ ದಾಯಾದಿ ಮಲಗಿದ್ದಾಗ ಆ ಮಾತು ತೆಗೆಯುವುದಿಲ್ಲ. ಸೀಮೆಯ ಮನಸ್ಸಿಗೆ ಚುಚ್ಚಿದ್ದು ಇದು. ಮುಖ್ಯಮಂತ್ರಿಯನ್ನು ಬದಲಿಸುವುದು ಕಾಂಗ್ರೆಸ್ಸಿಗೆ ಹೊಸದಾಗಿರಲಿಲ್ಲ. ಬದಲಾಯಿಸುತ್ತೇವೆಂದು ಹೇಳಲು ನಾಲ್ಕು ಗೋಡೆಗಳ ನಡುವಿನ ಒಂದು ಖೋಲಿಯೂ ಸಿಗಲಿಲ್ಲವೇ ಎಂಬುದು ಜನರ ಪ್ರಶ್ನೆಯಾಗಿತ್ತು.

ಈ ಕತೆಯಲ್ಲಿ ಜಾಗ ಸಿಗದೆ ಹೋದವರೂ ಉಂಟು. ಪಾಟೀಲರನ್ನು ಇಳಿಸಲು ಕಾರಣವೆಂದು ಹೇಳಿದ ಗಲಭೆಗಳು ಸುಳ್ಳಲ್ಲ. ದಾವಣಗೆರೆ ಹರಪನಹಳ್ಳಿಗೂ ಹಗರಿಬೊಮ್ಮನಹಳ್ಳಿಗೂ ಸಂತೆ, ಕಾಲೇಜು, ಆಸ್ಪತ್ರೆಗಳ ಊರು. ಅಲ್ಲಿ ಹೊತ್ತಿದ ಹೊಗೆ ಇಲ್ಲಿಗೆ ಕಾಣುವಂಥದು. ಅಲ್ಲಿ ಸತ್ತವರು, ಅಂಗಡಿ ಸುಟ್ಟುಕೊಂಡವರು, ಊರು ಬಿಟ್ಟವರು ಇದ್ದರು. ಸರಕಾರ ಸಕಾಲಕ್ಕೆ ಎಚ್ಚೆತ್ತಿತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ವಿಧಾನಸಭೆಯಲ್ಲಿ ಕೇಳಿಸಿದ್ದರೆ, ಪಕ್ಷದ ಸಭೆಯಲ್ಲಿ ಚರ್ಚಿಸಿ ಹೊರಗೆ ತಿಳಿಸಿದ್ದರೆ ಕತೆ ಬೇರೆಯಾಗುತ್ತಿತ್ತೇನೋ. ಮೆಟ್ಟಿಲ ಬಳಿ ಮುಗಿಸಿದ್ದರಿಂದ ಪ್ರಶ್ನೆಯೇ ಮುಚ್ಚಿಹೋಯಿತು. ಮೂರು ದಶಕ ದಾಟಿದ ಮೇಲೂ ವಿಮಾನ ನಿಲ್ದಾಣ ಎಲ್ಲರಿಗೂ ನೆನಪಿದೆ. ಚನ್ನಪಟ್ಟಣದ, ದಾವಣಗೆರೆಯ ಸತ್ತವರನ್ನು ಅವರ ಮನೆಯವರ ಹೊರತು ನೆನೆಯುವವರಿಲ್ಲ.

ಹಲುವಾಗಲಿನ ನಂಟು

ಪಾಟೀಲರ ನೋವು ತನ್ನ ಮನೆಯದೆಂದು ಈ ಸೀಮೆ ಭಾವಿಸಲು ಜಾತಿಯೊಂದೇ ಕಾರಣವಲ್ಲ. ಇನ್ನೊಂದು ನಂಟೂ ಇತ್ತು. ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ 1902ರ ಡಿಸೆಂಬರ್ 10ರಂದು ಹುಟ್ಟಿದವರು ಎಸ್. ನಿಜಲಿಂಗಪ್ಪ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ. ಅವರನ್ನೂ 1958ರಲ್ಲಿ ಸ್ವಪಕ್ಷದವರೇ ಇಳಿಸಿ ಬಿ.ಡಿ. ಜತ್ತಿಯವರನ್ನು ಕೂರಿಸಿದ್ದರು. 1962ರಲ್ಲಿ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತು, ಎಸ್.ಆರ್. ಕಂಠಿಯವರು ಕೆಲವು ತಿಂಗಳು ಕುರ್ಚಿ ಕಾದು, ಬಳಿಕ ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದುಬಂದು ಮತ್ತೆ ಮುಖ್ಯಮಂತ್ರಿಯಾದರು. ಕುರ್ಚಿ ಕಾದವರು ಅದನ್ನು ಹಿಂದಿರುಗಿಸಿದ ಉದಾಹರಣೆ ನಮ್ಮ ರಾಜಕೀಯದಲ್ಲಿ ಅಪರೂಪ. ಕಂಠಿಯವರನ್ನು ಜನ ಇದೊಂದಕ್ಕಾದರೂ ನೆನೆಯಬೇಕು.

1968ರಲ್ಲಿ ನಿಜಲಿಂಗಪ್ಪ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಹೋದಾಗ ಬಿಟ್ಟ ಕುರ್ಚಿಗೆ ಬಂದವರೇ ಅವರ ಶಿಷ್ಯ ವೀರೇಂದ್ರ ಪಾಟೀಲ. ಮುಂದಿನ ವರ್ಷ, 1969ರ ನವೆಂಬರ್ 12ರಂದು, ಹಲುವಾಗಲಿನ ಮನುಷ್ಯನ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಪಕ್ಷವು ದೇಶದ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಉಚ್ಚಾಟಿಸಿತು. ನಾಯಕರನ್ನು ಪಕ್ಷ ಇಳಿಸಹೊರಟಾಗ ಜನ ಏನು ಮಾಡುತ್ತಾರೆ ಎಂಬುದಕ್ಕೆ ಇಡೀ ದೇಶ ಕಂಡ ದೊಡ್ಡ ಪರೀಕ್ಷೆ ಅದೇ. ಇಂದಿರಾ ಪ್ರಧಾನಿಯಾಗಿಯೇ ಉಳಿದರು, ಪಕ್ಷ ಎರಡಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ನಿಜಲಿಂಗಪ್ಪನವರ ಸ್ವಂತ ರಾಜ್ಯದ 27ಕ್ಕೆ 27 ಸ್ಥಾನವನ್ನೂ ಮತದಾರ ಇಂದಿರಾ ಅವರ ಕಾಂಗ್ರೆಸ್ಸಿಗೇ ಕೊಟ್ಟ! ಗುರುವಿನ ಬಣದಲ್ಲಿದ್ದ ಪಾಟೀಲರ ಸರಕಾರ ಆ ಮಾರ್ಚಿನಲ್ಲಿಯೇ ಬಿತ್ತು. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇದೇ ಪಾಟೀಲರು ಇಂದಿರಾ ವಿರುದ್ಧ ನಿಂತು ಸೋತರು. ಕೊನೆಗೆ ಇಂದಿರಾ ಪಕ್ಷಕ್ಕೇ ಸೇರಿದರು.

ತಾಯಿಯೊಂದಿಗೆ ಹೋರಾಡಿ, ತಾಯಿಯೊಂದಿಗೆ ರಾಜಿಯಾಗಿ, ಮಗನಿಗೆ ಒಂದು ರಾಜ್ಯ ಗೆದ್ದುಕೊಟ್ಟವರನ್ನು ಮಗ ಹೀಗೆ ಕಳಿಸಿದನಲ್ಲ ಎಂಬ ಮಾತಿಗೆ ಇಷ್ಟು ಹಿನ್ನೆಲೆಯಿತ್ತು.

ಗಡಿಯಾಚೆಯ ಗದ್ದಲ

ಬಳ್ಳಾರಿ ಜಿಲ್ಲೆಗೆ ಆಂಧ್ರ ಹಿತ್ತಲ ಬೇಲಿಯಾಚೆಯ ಮನೆಯಿದ್ದಂತೆ. ಅಲ್ಲಿಯೂ ಒಂದು ವಿಮಾನ ನಿಲ್ದಾಣದ ಕತೆಯಿದೆ. 1982ರಲ್ಲಿ, ಆಗಿನ್ನೂ ಪಕ್ಷದ ಕೆಲಸ ಕಲಿಯುತ್ತಿದ್ದ ರಾಜೀವ್ ಗಾಂಧಿ ಹೈದರಾಬಾದಿನ ಬೇಗಂಪೇಟೆ ನಿಲ್ದಾಣದಲ್ಲಿ ಮುಖ್ಯಮಂತ್ರಿ ಟಿ. ಅಂಜಯ್ಯನವರನ್ನು, ಸ್ವಾಗತಕ್ಕೆ ಜನ ಸೇರಿಸಿದ್ದಕ್ಕಾಗಿ ಎಲ್ಲರೆದುರು ಗದರಿಸಿದರೆಂಬ ಸುದ್ದಿ ಹಬ್ಬಿತು. ಕೆಲವೇ ದಿನಗಳಲ್ಲಿ ಅಂಜಯ್ಯ ಅಧಿಕಾರ ಕಳೆದುಕೊಂಡರು. ಅದೇ ಮಾರ್ಚಿನಲ್ಲಿ ಸಿನಿಮಾ ನಟ ಎನ್.ಟಿ. ರಾಮರಾವ್ ತೆಲುಗರ ಆತ್ಮಗೌರವದ ಹೆಸರಿನಲ್ಲಿ ತೆಲುಗುದೇಶಂ ಕಟ್ಟಿದರು. ಹತ್ತು ತಿಂಗಳಲ್ಲಿ ಸರಕಾರ ಅವರದು.

ಮುಂದೆ 1984ರ ಆಗಸ್ಟ್ 16ರಂದು ರಾಜ್ಯಪಾಲ ರಾಮಲಾಲ್ ರಾಮರಾಯರನ್ನು ವಜಾ ಮಾಡಿ ಎನ್. ಭಾಸ್ಕರರಾಯರನ್ನು ಮುಖ್ಯಮಂತ್ರಿ ಮಾಡಿದಾಗ ಆಂಧ್ರ ಬೀದಿಗಿಳಿಯಿತು. ತೆಲುಗುದೇಶಂ ಶಾಸಕರನ್ನು ಕರ್ನಾಟಕಕ್ಕೆ ಕರೆತಂದು, ರಾಮಕೃಷ್ಣ ಹೆಗಡೆ ಸರಕಾರದ ಆಶ್ರಯದಲ್ಲಿ ಕಾಪಾಡಿಕೊಂಡದ್ದೂ ಆಗಲೇ. ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 16ರಂದು, ರಾಮರಾವ್ ಮತ್ತೆ ಕುರ್ಚಿಯಲ್ಲಿದ್ದರು.

ಅದೇ ಅಳತೆಗೋಲಿಟ್ಟು ನೋಡಿದರೆ 1990ರ ಕರ್ನಾಟಕ ತಣ್ಣಗಿತ್ತು. ಅಂಥ ದೊಡ್ಡ ಚಳವಳಿಯೇನೂ ಏಳಲಿಲ್ಲ. ಪಾಟೀಲರು ರಾಮರಾಯರಂತೆ ವ್ಯಾನಿನ ಮೇಲೆ ನಿಂತು ಭಾಷಣ ಮಾಡುವ ಜಾಯಮಾನದವರಲ್ಲ, ದೇಹವೂ ಸಹಕರಿಸುತ್ತಿರಲಿಲ್ಲ. ಶಾಸಕರು, ಎಂದಿನಂತೆ, ಬಿಸಿಲು ಬಂದ ಕಡೆ ಚಾಪೆ ಹಾಸಿದರು. ದೇಶದ ಗಮನ ಮಂಡಲ್ ವರದಿಯ ಮೇಲೆ, ರಥದ ಮೇಲೆ ಇತ್ತು. ನವೆಂಬರ್ 7ರಂದು ಪ್ರಧಾನಿ ವಿ.ಪಿ. ಸಿಂಗ್ ಅವರೇ ಹೋದರು.

ತಣ್ಣಗಿದ್ದುದಕ್ಕೆ ಇನ್ನೊಂದು ಕಾರಣವನ್ನು ಅನೇಕರು ಬಾಯಿಬಿಟ್ಟು ಹೇಳುವುದಿಲ್ಲ. ‘ಜನ’ ಎಂದರೆ ಒಂದೇ ಜನವಲ್ಲ. ಬಂಗಾರಪ್ಪ ಹಿಂದುಳಿದ ಈಡಿಗ ಸಮಾಜದಿಂದ ಬಂದವರು. ವಾಲ್ಮೀಕಿ ನಾಯಕರ, ಕುರುಬರ, ದಲಿತರ ಕೇರಿಗಳಲ್ಲಿ, ಲಂಬಾಣಿ ತಾಂಡಾಗಳಲ್ಲಿ ಅವರ ಪಟ್ಟಾಭಿಷೇಕವನ್ನು ಅನ್ಯಾಯವೆಂದು ಕಂಡವರು ಕಡಿಮೆ. ದೇವರಾಜ ಅರಸರ ಬಳಿಕ ನಮ್ಮ ಸರದಿ ಮತ್ತೆ ಬಂತೆಂದು ಕಂಡವರು ಹೆಚ್ಚು. ಬಂಗಾರಪ್ಪನವರ ಸರಕಾರ ಮನೆ ಇಲ್ಲದವರಿಗೆ ‘ಆಶ್ರಯ’, ಊರ ಗುಡಿಗಳಿಗೆ ‘ಆರಾಧನಾ’, ಕಸುಬುದಾರರಿಗೆ ‘ವಿಶ್ವ’ ಎಂದು ಯೋಜನೆ ತಂದಿತು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಪುಕ್ಕಟೆ ಕೊಟ್ಟಿತು. ಮಳೆ ನಂಬಿ ಕೆಟ್ಟು ಬೋರ್‌ವೆಲ್ ಹೊಡೆಸಿದ ಈ ಒಣ ಸೀಮೆಯಲ್ಲಿ ಅದನ್ನು ಬೇಡವೆಂದವರು ಯಾರು? ಪಾಟೀಲರಿಗಾಗಿ ಮರುಗಿದ ಗೌಡರ ಹೊಲದಲ್ಲೂ ಮೋಟಾರು ಬಂಗಾರಪ್ಪನವರ ಕರೆಂಟಿನಲ್ಲೇ ಓಡಿತು. ರಾಜ್ಯಕ್ಕೆ ಹೋದರೂ ರಾಗಿ ಬೀಸುವುದು ತಪ್ಪಲಿಲ್ಲವೆಂಬ ಗಾದೆಯನ್ನು ಜೋಳದ ಸೀಮೆಯವರು ಹೀಗೆ ತಿದ್ದಿಕೊಳ್ಳಬಹುದು.

ಮತಪೆಟ್ಟಿಗೆಯ ಲೆಕ್ಕ

ಸಿಟ್ಟು ಎಲ್ಲಿ ಹೋಯಿತು? ಎಂಟೇ ತಿಂಗಳಲ್ಲಿ ಬಂದ 1991ರ ಲೋಕಸಭಾ ಚುನಾವಣೆಯಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಚುನಾವಣೆಯ ನಡುವೆಯೇ, ಮೇ 21ರಂದು, ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಸತ್ತವರ ಮೇಲೆ ಸೇಡು ಇಟ್ಟುಕೊಳ್ಳುವುದುಂಟೆ? ಕಾಂಗ್ರೆಸ್ ರಾಜ್ಯದಲ್ಲಿ 23 ಸ್ಥಾನ ಗೆದ್ದಿತು. ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಬಸವರಾಜೇಶ್ವರಿ ಮತ್ತೆ ಆರಿಸಿಬಂದರು. ಆದರೂ ಆ ಸಲ ರಾಜ್ಯದಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಮೊದಲ ಬಾರಿ ಲೋಕಸಭೆಯ ನಾಲ್ಕು ಸ್ಥಾನ ದಕ್ಕಿದವು. ಯಾರ ಮನೆಯ ವೋಟು ಎತ್ತ ಸರಿಯುತ್ತಿದೆಯೆಂದು ಲೆಕ್ಕ ಬಲ್ಲವರಿಗೆ ಅದು ಸೂಚನೆ.

ಮುಂದಿನದು 1994. ಅಷ್ಟರಲ್ಲಿ ಬಂಗಾರಪ್ಪನವರನ್ನೂ ಕಾಂಗ್ರೆಸ್ 1992ರ ನವೆಂಬರಿನಲ್ಲಿ ಇಳಿಸಿ ವೀರಪ್ಪ ಮೊಯಿಲಿಯವರನ್ನು ತಂದಿತ್ತು. ಐದು ವರ್ಷಕ್ಕೆ ಮೂವರು ಮುಖ್ಯಮಂತ್ರಿಗಳು! ಬಂಗಾರಪ್ಪ ತಮ್ಮದೇ ಪಕ್ಷ ಕಟ್ಟಿ ಹತ್ತು ಸ್ಥಾನ ಗೆದ್ದರು. ಜನತಾದಳ 115, ಭಾರತೀಯ ಜನತಾ ಪಕ್ಷ 40. ಕಾಂಗ್ರೆಸ್ 34. ಹಡಗಲಿಯಿಂದ ಗೆದ್ದ ಎಂ.ಪಿ. ಪ್ರಕಾಶ್ ಜನತಾದಳದ ಸರಕಾರದಲ್ಲಿ ಮಂತ್ರಿಯಾದರು.

178ರಿಂದ 34ಕ್ಕೆ. ಈ ಕುಸಿತವನ್ನು ಪೂರ್ತಿ ವಿಮಾನ ನಿಲ್ದಾಣದ ಲೆಕ್ಕಕ್ಕೆ ಬರೆಯುವುದು ರೂಢಿಯಾಗಿದೆ. ಅದು ಅತಿಯಾಯಿತು. ಬಂಗಾರಪ್ಪನವರ ಜೊತೆ ಹೋದ ಹಿಂದುಳಿದವರ ವೋಟು, ಹುಬ್ಬಳ್ಳಿ ಈದ್ಗಾ ಮೈದಾನದ ವಿವಾದ, ಒಂದಾಗಿ ನಿಂತ ಹೆಗಡೆ-ದೇವೇಗೌಡ-ಬೊಮ್ಮಾಯಿಯವರ ಜನತಾದಳ, ಎಲ್ಲವೂ ಇದ್ದವು. ಲಿಂಗಾಯತರು ಕಾಂಗ್ರೆಸ್ಸನ್ನು ಆಮೇಲೆ ಕ್ಷಮಿಸಲೇ ಇಲ್ಲವೆಂಬುದೂ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. 1999ರಲ್ಲಿ ಇದೇ ಕಾಂಗ್ರೆಸ್ 132 ಸ್ಥಾನ ಪಡೆದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ಬಳ್ಳಾರಿ ಲೋಕಸಭಾ ಕ್ಷೇತ್ರವಂತೂ 2004ರವರೆಗೆ ಕಾಂಗ್ರೆಸ್ಸಿನ ಕೈಬಿಡಲಿಲ್ಲ. ಆದರೆ ಒಂದು ಮಾತು ನಿಜ: ಅದುವರೆಗೆ ಕಾಂಗ್ರೆಸ್ಸೆಂದರೆ ತಮ್ಮ ಮನೆ ಎಂದುಕೊಂಡಿದ್ದವರು ಆ ಬಳಿಕ ಅದನ್ನು ಬಾಡಿಗೆ ಮನೆಯಂತೆ ನೋಡತೊಡಗಿದರು.

ಆಸ್ಟ್ರೇಲಿಯದ ಲೆಕ್ಕವೂ ಇಷ್ಟೇ ಅಡ್ಡಾದಿಡ್ಡಿ. 1975ರ ನವೆಂಬರ್ 11ರಂದು ಗವರ್ನರ್ ಜನರಲ್ ಜಾನ್ ಕರ್ ಆರಿಸಿಬಂದ ಪ್ರಧಾನಿ ಗಾಫ್ ವಿಟ್ಲಮ್ ಅವರನ್ನು ವಜಾ ಮಾಡಿ, ವಿರೋಧ ಪಕ್ಷದ ಮಾಲ್ಕಂ ಫ್ರೇಜರ್ ಕೈಗೆ ಸರಕಾರ ಕೊಟ್ಟರು. ಪಾರ್ಲಿಮೆಂಟಿನ ಮೆಟ್ಟಿಲ ಮುಂದೆ ಜನ ನೆರೆದು ಕೂಗಿದರು, ಊರೂರಲ್ಲಿ ಮೆರವಣಿಗೆಗಳಾದವು. ದೇಶ ವಿಟ್ಲಮ್ ಹಿಂದಿದೆಯೆಂದೇ ನೋಡಿದವರಿಗೆಲ್ಲ ಅನ್ನಿಸಿತು. ಡಿಸೆಂಬರ್ 13ರಂದು ಮತ ಎಣಿಸಿದರೆ 127 ಸ್ಥಾನಗಳಲ್ಲಿ ಫ್ರೇಜರ್ ಕೂಟಕ್ಕೆ 91, ವಿಟ್ಲಮ್ ಪಕ್ಷಕ್ಕೆ 36! ಬೀದಿಗೆ ಬಂದವರ ಸಿಟ್ಟು ಸುಳ್ಳಲ್ಲ; ಮನೆಯಲ್ಲಿದ್ದವರು ಹೆಚ್ಚಿದ್ದರು. ಅಲ್ಲಿ ಮತ ಹಾಕುವುದು ಕಾನೂನಿನ ಪ್ರಕಾರ ಕಡ್ಡಾಯ; ಮುನಿಸಿಕೊಂಡು ಮನೆಯಲ್ಲೇ ಕೂರುವ ನಮ್ಮ ಅನುಕೂಲ ಅವರಿಗಿಲ್ಲ.

ರಡ್ ಅವರನ್ನು ಇಳಿಸಿದ ಎರಡೇ ತಿಂಗಳಿಗೆ ಚುನಾವಣೆಗೆ ಹೋದ ಗಿಲ್ಲಾರ್ಡ್‌ಗೆ 150ರಲ್ಲಿ 72 ಸ್ಥಾನ, ಎದುರಾಳಿಗೂ 72. ಪಕ್ಷೇತರರನ್ನು ನೆಚ್ಚಿ ಸರಕಾರ ನಡೆಯಿತು. 2013ರಲ್ಲಿ ಅದೇ ಪಕ್ಷ ಅವರನ್ನಿಳಿಸಿ ಮತ್ತೆ ರಡ್ ಅವರನ್ನೇ ತಂದು ಸೋತಿತು. ಎದುರಿನ ಲಿಬರಲ್ ಪಕ್ಷವೂ 2015ರಲ್ಲಿ ಟೋನಿ ಅಬಾಟ್‌ರನ್ನು, 2018ರ ಆಗಸ್ಟಿನಲ್ಲಿ ಮಾಲ್ಕಂ ಟರ್ನ್‌ಬುಲ್‌ರನ್ನು ಹೀಗೆಯೇ ಮನೆಗೆ ಕಳಿಸಿತು. ಟರ್ನ್‌ಬುಲ್ ತೆರವು ಮಾಡಿದ ಸಿಡ್ನಿಯ ವೆಂಟ್‌ವರ್ತ್ ಕ್ಷೇತ್ರ, ಆ ಪಕ್ಷ ಹುಟ್ಟಿದಂದಿನಿಂದ ಕೈತಪ್ಪಿರದಿದ್ದದ್ದು, ಎರಡೇ ತಿಂಗಳಲ್ಲಿ ಪಕ್ಷೇತರರ ಪಾಲಾಯಿತು. ಜನ ಪಾಠ ಕಲಿಸಿದರೆಂದು ಎಲ್ಲರೂ ಬರೆದರು. ಮುಂದಿನ ಮೇ ತಿಂಗಳಲ್ಲಿ ದೇಶದ ಚುನಾವಣೆ ಬಂದಾಗ ಗೆದ್ದವರು ಟರ್ನ್‌ಬುಲ್ ಜಾಗಕ್ಕೆ ಬಂದಿದ್ದ ಸ್ಕಾಟ್ ಮಾರಿಸನ್. ಜನರ ಸಿಟ್ಟಿಗೆ ಒಂದು ಫಲವಂತೂ ಸಿಕ್ಕಿತು. ಎರಡೂ ಪಕ್ಷಗಳು ತಮ್ಮ ನಿಯಮ ಬಿಗಿ ಮಾಡಿದವು. ಚುನಾವಣೆ ಗೆದ್ದುಕೊಟ್ಟ ಪ್ರಧಾನಿಯನ್ನು ಇಳಿಸಲು ಲಿಬರಲ್ ಪಕ್ಷದಲ್ಲಿ ಈಗ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ನಮ್ಮಲ್ಲಿ ಯಾವ ದೊಡ್ಡ ಪಕ್ಷಕ್ಕೂ ಇಂಥ ನಿಯಮ ಬರೆದುಕೊಳ್ಳಬೇಕೆಂದು ಅನ್ನಿಸಿಲ್ಲ.

ನಮ್ಮವರೇ ಪ್ರಧಾನಿಯಾದಾಗ

1997ರ ಮಾರ್ಚ್ 14ರಂದು ವೀರೇಂದ್ರ ಪಾಟೀಲರು ತೀರಿಕೊಂಡರು. ಹದಿನಾರು ದಿನ ಕಳೆದು, ಮಾರ್ಚ್ 30ರ ಭಾನುವಾರ, ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ್ ಕೇಸರಿ ಎಚ್.ಡಿ. ದೇವೇಗೌಡರ ಸರಕಾರಕ್ಕೆ ಕೊಟ್ಟಿದ್ದ ಬೆಂಬಲ ಹಿಂತೆಗೆದುಕೊಂಡರು. ಕರ್ನಾಟಕದಿಂದ ಪ್ರಧಾನಿಯಾದ ಮೊದಲಿಗರು, ಹತ್ತು ತಿಂಗಳು. ಏಪ್ರಿಲ್ 11ರಂದು ಲೋಕಸಭೆಯಲ್ಲಿ ಸೋತು ಕೆಳಗಿಳಿದರು, 21ರಂದು ಐ.ಕೆ. ಗುಜ್ರಾಲ್ ಬಂದರು. ಸರಕಾರ ಅದೇ, ಕೂಟ ಅದೇ, ಬೆಂಬಲಿಸುವ ಕಾಂಗ್ರೆಸ್ಸೂ ಅದೇ. ಬದಲಾದದ್ದು ಒಬ್ಬರು ಮಾತ್ರ. ಇಳಿಸಿದ್ದೇಕೆಂದು ಇಂದಿಗೂ ಸರಿಯಾಗಿ ಬಿಡಿಸಿ ಹೇಳಿದವರಿಲ್ಲ.

ಕನ್ನಡಿಗರೊಬ್ಬರನ್ನು ದಿಲ್ಲಿ ಹೀಗೆ ಕಳಿಸಿದ್ದಕ್ಕೆ ರಾಜ್ಯವೆಲ್ಲ ಒಂದಾಗಿ ಎದ್ದಿತೇ? ಇಲ್ಲ. ಹಾಸನ, ಮಂಡ್ಯದ ಕಡೆ ಅದು ಮನೆಯ ನೋವಾಯಿತು. ತುಂಗಭದ್ರೆಯ ಈಚೆ ಬೇಸರವಾಯಿತು, ಅಷ್ಟೆ. 1996ರಲ್ಲಿ ದೇವೇಗೌಡರು ದಿಲ್ಲಿಗೆ ಹೋದದ್ದರಿಂದಲೇ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದದ್ದು, ಪಾಟೀಲರ ಬಳಿಕ ಲಿಂಗಾಯತರೊಬ್ಬರಿಗೆ ಆ ಕುರ್ಚಿ ದಕ್ಕಿದ್ದು. ಜೊತೆಗೆ ಅದೇ ವರ್ಷ ರಾಮಕೃಷ್ಣ ಹೆಗಡೆಯವರನ್ನು ಜನತಾದಳ ಉಚ್ಚಾಟಿಸಿದ್ದೂ ಈ ಕಡೆಯವರ ಮನಸ್ಸಿನಲ್ಲಿತ್ತು. 1998ರಲ್ಲಿ ಲೋಕಸಭೆಗೆ ಚುನಾವಣೆ ಬಂದಾಗ, 1996ರಲ್ಲಿ 16 ಗೆದ್ದಿದ್ದ ಜನತಾದಳಕ್ಕೆ ರಾಜ್ಯದಲ್ಲಿ ಸಿಕ್ಕಿದ್ದು ಮೂರು. ಇಳಿಸಿದ ಕೇಸರಿಯವರ ಗತಿಯೂ ಕೇಳುವಂಥದೇ. ಒಂದು ವರ್ಷ ಕಳೆಯುವುದರೊಳಗೆ, 1998ರ ಮಾರ್ಚಿನಲ್ಲಿ, ಅವರ ಪಕ್ಷ ಅವರನ್ನು ಅಧ್ಯಕ್ಷ ಸ್ಥಾನದಿಂದ ಇನ್ನಷ್ಟು ನಿಷ್ಠುರವಾಗಿ ಇಳಿಸಿತು. ಅವರಿಗಾಗಿ ಅತ್ತವರ ಸುದ್ದಿ ಹಗರಿಬೊಮ್ಮನಹಳ್ಳಿಗೆ ತಲುಪಲಿಲ್ಲ.

ಡೆಂಕನಮರಡಿಯ ಮಾತು

ರಾಜಕೀಯ ಬದಲಾವಣೆಯನ್ನು ಈ ಸೀಮೆ ಪತ್ರಿಕೆಯಲ್ಲಷ್ಟೇ ಓದುವುದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಡೆಂಕನಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಗದರಿದ ಕ್ಷಣ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಬರುವುದು ಒಂದೇ ಸಾಲಿನ ಕಾರ್ಣಿಕ. ಮರುಕ್ಷಣದಿಂದ ಅರ್ಥ ಬಿಡಿಸುವ ಕೆಲಸ. ಮಳೆಯೆಂದರು ರೈತರು, ಬೆಲೆಯೆಂದರು ವ್ಯಾಪಾರಿಗಳು, ಕುರ್ಚಿಯೆಂದರು ರಾಜಕೀಯದವರು. ಒಬ್ಬನಿಗೆ ಅದು ಮುಖ್ಯಮಂತ್ರಿ ಬೀಳುವ ಸೂಚನೆ, ಪಕ್ಕದವನಿಗೆ ಉಳಿಯುವ ಸೂಚನೆ. ಜನರ ತೀರ್ಪನ್ನು ಓದುವ ಪಂಡಿತರ ಕೆಲಸವೂ ಇದಕ್ಕಿಂತ ಬಹಳ ಬೇರೆಯಲ್ಲ. ಗೊರವಯ್ಯ ಉಪವಾಸವನ್ನಾದರೂ ಮಾಡಿರುತ್ತಾನೆ.

2007ರ ಅಕ್ಟೋಬರಿನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮಾತಿನಂತೆ ಬಿ.ಎಸ್. ಯಡಿಯೂರಪ್ಪನವರಿಗೆ ಅಧಿಕಾರ ಹಸ್ತಾಂತರಿಸದೆ ಹೋದಾಗ ಕೆಲವು ದಿನ ಎಲ್ಲರ ಕಣ್ಣೂ ಹಡಗಲಿಯ ಎಂ.ಪಿ. ಪ್ರಕಾಶರ ಮೇಲಿತ್ತು. ಜನತಾದಳದ ಒಂದು ಗುಂಪಿನೊಡನೆ, ಕಾಂಗ್ರೆಸ್ ಬೆಂಬಲದಿಂದ ಅವರು ಮುಖ್ಯಮಂತ್ರಿಯಾಗುವರೆಂಬ ಸುದ್ದಿ. ಗಾಬರಿಯಾದ ಪಕ್ಷ ಅವಸರದಿಂದ ಯಡಿಯೂರಪ್ಪನವರಿಗೇ ಬೆಂಬಲ ಕೊಟ್ಟಿತು. ನವೆಂಬರ್ 12ರಂದು ಪ್ರಮಾಣ ವಚನ, ಒಂದೇ ವಾರಕ್ಕೆ ರಾಜೀನಾಮೆ. ಈ ಸಲ ಸೀಮೆ ತಣ್ಣಗಿರಲಿಲ್ಲ. ಕೊಟ್ಟ ಮಾತು ತಪ್ಪಿದರೆಂಬುದು ಕಟ್ಟೆಕಟ್ಟೆಯ ಮಾತಾಯಿತು. ಆರು ತಿಂಗಳಿಗೆ ಬಂದ 2008ರ ಚುನಾವಣೆಯಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ನಾಲ್ಕೂ ಭಾರತೀಯ ಜನತಾ ಪಕ್ಷಕ್ಕೆ. ಅದರಲ್ಲಿ ಯಡಿಯೂರಪ್ಪನವರ ಮೇಲಿನ ಮರುಕವೆಷ್ಟು, ಆ ವರ್ಷಗಳಲ್ಲಿ ಜಿಲ್ಲೆಯಲ್ಲಿ ಹರಿದ ಗಣಿಯ ದುಡ್ಡಿನ ಬಲವೆಷ್ಟು ಎಂದು ಬೇರ್ಪಡಿಸಿ ತೂಗುವ ತಕ್ಕಡಿ ಇಲ್ಲ. ಕಾಂಗ್ರೆಸ್ಸಿಗೆ ಹೋಗಿ ಹರಪನಹಳ್ಳಿಯಲ್ಲಿ ನಿಂತಿದ್ದ ಪ್ರಕಾಶರು ಸೋತರು. 2011ರ ಫೆಬ್ರುವರಿಯಲ್ಲಿ ತೀರಿಕೊಂಡರು. ನಾಟಕ, ಸಾಹಿತ್ಯವೆಂದು ಜೀವ ಬಿಡುತ್ತಿದ್ದ, ಹಡಗಲಿಯಲ್ಲಿ ‘ರಂಗಭಾರತಿ’ ಕಟ್ಟಿದ ಮನುಷ್ಯನಿಗೆ ರಾಜಕೀಯದ ಕೊನೆಯ ಅಂಕ ಒಲಿಯಲಿಲ್ಲ.

2021ರ ಜುಲೈ 26ರಂದು ಯಡಿಯೂರಪ್ಪನವರು ತಮ್ಮ ಸರಕಾರದ ಎರಡು ವರ್ಷದ ಸಮಾರಂಭದ ವೇದಿಕೆಯಲ್ಲೇ ಗದ್ಗದಿತರಾಗಿ ರಾಜೀನಾಮೆ ಘೋಷಿಸಿದಾಗ ಪಾಟೀಲರ ಹೆಸರು ಮತ್ತೆ ಎಲ್ಲರ ಬಾಯಿಗೆ ಬಂತು. ಅದಕ್ಕೆ ಮುಂಚೆಯೇ ಮಠಾಧೀಶರು ಬೆಂಗಳೂರಿಗೆ ಬಂದು ಸಭೆ ಸೇರಿ ಎಚ್ಚರಿಸಿದ್ದರು. ಬೇರೆ ಪಕ್ಷದ ಲಿಂಗಾಯತ ಮುಖಂಡರೂ ದನಿಗೂಡಿಸಿದ್ದರು. ದಿಲ್ಲಿಯವರು 1990ರ ಕತೆ ಓದಿಕೊಂಡೇ ಬಂದಿದ್ದರೆಂದು ತೋರುತ್ತದೆ: ವಿಮಾನ ನಿಲ್ದಾಣವಿಲ್ಲ, ಗದರಿಕೆಯಿಲ್ಲ, ಎರಡೇ ದಿನದಲ್ಲಿ ಅದೇ ಸಮುದಾಯದ ಬಸವರಾಜ ಬೊಮ್ಮಾಯಿ. ಆದರೆ ಈ ಸಲ ಟಿ.ವಿ. ಇತ್ತು, ಕೈಯಲ್ಲಿ ಮೊಬೈಲ್ ಇತ್ತು. ಜನ ಕಣ್ಣೀರನ್ನು ಕಿವಿಯಿಂದ ಕೇಳಲಿಲ್ಲ, ಕಣ್ಣಾರೆ ಕಂಡರು.

2023ರ ಮೇ ತಿಂಗಳ ಚುನಾವಣೆಯ ಪ್ರಚಾರದಲ್ಲಿ ಒಂದು ಕಡೆಯವರು ವೀರೇಂದ್ರ ಪಾಟೀಲರ ಹೆಸರು ತೆಗೆದರೆ ಇನ್ನೊಂದು ಕಡೆಯವರು ಯಡಿಯೂರಪ್ಪನವರ ಕಣ್ಣೀರು ತೆಗೆದರು. ರಾಜ್ಯದಲ್ಲಿ ಭಾರತೀಯ ಜನತಾ ಪಕ್ಷ 66ಕ್ಕೆ ಇಳಿಯಿತು, ಕಾಂಗ್ರೆಸ್ 135ಕ್ಕೆ ಏರಿತು. ಬಳ್ಳಾರಿಯಿಂದ 2021ರಲ್ಲಿ ಬೇರೆಯಾದ ವಿಜಯನಗರ ಜಿಲ್ಲೆಯ ಐದು ಕ್ಷೇತ್ರಗಳ ಫಲಿತಾಂಶ ಮಾತ್ರ ಯಾವ ಪಂಡಿತರ ಹಿಡಿತಕ್ಕೂ ಸಿಗುವಂತಿರಲಿಲ್ಲ. ಹೊಸಪೇಟೆಯ ವಿಜಯನಗರ ಕ್ಷೇತ್ರ, ಕೂಡ್ಲಿಗಿ ಕಾಂಗ್ರೆಸ್ಸಿಗೆ. ಹಡಗಲಿ ಭಾರತೀಯ ಜನತಾ ಪಕ್ಷಕ್ಕೆ. ಹಗರಿಬೊಮ್ಮನಹಳ್ಳಿ ಜಾತ್ಯತೀತ ಜನತಾದಳಕ್ಕೆ. ನಿಜಲಿಂಗಪ್ಪನವರು ಹುಟ್ಟಿದ ತಾಲ್ಲೂಕಾದ ಹರಪನಹಳ್ಳಿಯ ಜನ ಯಾವ ಪಕ್ಷವನ್ನೂ ಆರಿಸಲಿಲ್ಲ. ಅಲ್ಲಿ ಗೆದ್ದವರು ಪಕ್ಷೇತರರಾಗಿ ನಿಂತ ಲತಾ ಮಲ್ಲಿಕಾರ್ಜುನ, ಎಂ.ಪಿ. ಪ್ರಕಾಶರ ಮಗಳು.